ಗಡಿಯಾರ ಸರಿಯೇ ಇತ್ತು, ಆದರೂ ಲ್ಯಾಪ್‌ಟಾಪ್ ಲಾಗೌಟ್ ಆಗ್ತಿತ್ತು!

ಈ ವಾರ ಗೊಬ್ಬರ, ಔಷಧಿಯ ವಿಷಯ ಅಲ್ಲ. ಆದರೆ ತೋಟಕ್ಕೆ ಸಂಬಂಧಪಟ್ಟದ್ದೇ.

ಕಳೆದ ವರ್ಷ ಜೂನ್ ತಿಂಗಳು. ಕಾರ್ಕಳದಲ್ಲಿರುವ ನನ್ನ ಮಾವ ಫೋನ್ ಮಾಡಿದರು: "ಅಡಿಕೆ, ಕಾಳುಮೆಣಸಿನ ವಿಮೆಗೆ ನಾಳೆಯೇ ಕೊನೆ ದಿನ. ಇಲ್ಲಿ ಕೂತು ನೀನೇ ಅರ್ಜಿ ಹಾಕಿ ಕೊಡು ಮಾರಾಯ." ಹಿಂದಿನ ಮಳೆಗಾಲದಲ್ಲಿ ಕೊಳೆರೋಗದಿಂದ ಅವರ ಅರ್ಧ ಫಸಲು ನೆಲಕ್ಕೆ ಬಿದ್ದಿತ್ತು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತರು ಕಟ್ಟುವುದು ವಿಮಾ ಮೊತ್ತದ ಶೇ. 5 ಮಾತ್ರ. ತಪ್ಪಿಸಿಕೊಂಡರೆ ಮತ್ತೆ ಒಂದು ವರ್ಷ ಕಾಯಬೇಕು. ಕಾಪುವಿನಿಂದ ಬೈಕ್ ಹತ್ತಿದೆ.

ಮಾವನ ಮಗ ಮಣಿಪಾಲದಲ್ಲಿ ಓದ್ತಾನೆ. ಅವನ ಹಳೇ ಲ್ಯಾಪ್‌ಟಾಪ್ ಮನೆಯಲ್ಲೇ ಉಂಟು. ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟು, ಒಟಿಪಿ ಹಾಕಿ ಒಳಗೆ ಹೋದೆ. ಎರಡನೇ ಪುಟಕ್ಕೆ ಹೋಗುವಷ್ಟರಲ್ಲಿ ಲಾಗೌಟ್! ಮತ್ತೆ ಒಟಿಪಿ, ಮತ್ತೆ ಲಾಗೌಟ್. ನಾಲ್ಕನೇ ಸಲಕ್ಕೆ "ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎಂದು ಬಂತು. ಮಾವ ಏನೂ ಹೇಳಲಿಲ್ಲ, ಹೊರಗೆ ಹೋಗಿ ಮಳೆ ನೋಡ್ತಾ ನಿಂತರು.

ಮೊದಲು ತಪ್ಪು ಎಲ್ಲಿದೆ ಅಂತ ನೋಡಿ

ಅಡಿಕೆ ಸೋಗೆ ಹಳದಿಯಾದ ಕೂಡಲೇ ಗೊಬ್ಬರ ಸುರಿಯುವುದಿಲ್ಲ, ಬುಡ ನೋಡ್ತೇವೆ. ಇಲ್ಲಿಯೂ ಹಾಗೆಯೇ. ಸ್ವಲ್ಪ ಹೊತ್ತು ಬಿಟ್ಟು ಅದೇ ಜಾಲತಾಣವನ್ನು ಫೋನಿನಲ್ಲಿ ತೆರೆದೆ. ಎಷ್ಟು ಪುಟ ತಿರುಗಿಸಿದರೂ ಲಾಗೌಟ್ ಆಗಲಿಲ್ಲ. ಅಂದರೆ ಜಾಲತಾಣ ಸರಿ ಇದೆ. ಲ್ಯಾಪ್‌ಟಾಪಿಗೂ ಇದೇ ಫೋನಿನ ನೆಟ್ ಕೊಟ್ಟದ್ದು, ಹಾಗಾಗಿ ನೆಟ್ಟೂ ಸರಿ. ಉಳಿದದ್ದು ಲ್ಯಾಪ್‌ಟಾಪ್ ಒಂದೇ.

ಫೋನಿನಲ್ಲೇ ಮುಗಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಪಹಣಿ, ಪಾಸ್‌ಬುಕ್ ಫೈಲ್‌ಗಳನ್ನು ಚಿಕ್ಕದು ಮಾಡಿ ಹಾಕಲು ಆ ಸಣ್ಣ ಪರದೆಯಲ್ಲಿ ನನಗೆ ಆಗಲಿಲ್ಲ. ಅದಕ್ಕೇ ಪಹಣಿಯ ಫೋಟೋವನ್ನು ಫೋನಿನಿಂದ ನನಗೇ ಮೇಲ್ ಮಾಡಿ, ಲ್ಯಾಪ್‌ಟಾಪಿನಲ್ಲಿ ತೆರೆದೆ. ಆಗ ಸಂಜೆ 4 ಗಂಟೆ. ಮೇಲ್ ಬಂದ ಸಮಯ ಮಾತ್ರ ಬೆಳಗಿನ ಜಾವ 3.30 ಅಂತ ತೋರಿಸ್ತಿತ್ತು! ಪರದೆಯ ಮೂಲೆಯ ಗಡಿಯಾರದಲ್ಲಿ ಸರಿಯಾಗಿ 4 ಗಂಟೆಯೇ ಇತ್ತು.

ಗಂಟೆ ಸರಿ, ವಲಯ ತಪ್ಪು

ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಸಮಯ ವಲಯ ಅಮೆರಿಕದ ‘ಪೆಸಿಫಿಕ್ ಟೈಮ್’. ವಿಂಡೋಸ್ ಹೊಸದಾಗಿ ಹಾಕಿದಾಗ ಯಾರೂ ಅದನ್ನು ಬದಲಿಸಿರಲಿಲ್ಲ. ಗಡಿಯಾರ ತಪ್ಪು ಕಂಡದ್ದಕ್ಕೆ ಹುಡುಗ ಗಂಟೆಯನ್ನು ಮಾತ್ರ ಕೈಯಲ್ಲೇ ತಿದ್ದಿದ್ದ. ಹಾಗಾಗಿ ಲ್ಯಾಪ್‌ಟಾಪಿನ ಲೆಕ್ಕ ಹೀಗಿತ್ತು: ಈಗ ಕ್ಯಾಲಿಫೋರ್ನಿಯಾದಲ್ಲಿ ಸಂಜೆ 4, ಅಂದರೆ ಭಾರತದಲ್ಲಿ ಮರುದಿನ ಬೆಳಗಿನ ಜಾವ 4.30. ನಿಜವಾದ ಸಮಯಕ್ಕಿಂತ ಹನ್ನೆರಡೂವರೆ ಗಂಟೆ ಮುಂದೆ!

ಇದಕ್ಕೂ ಲಾಗೌಟಿಗೂ ಎಂತ ಸಂಬಂಧ? ಕಾರ್ಕಳದ ಅಕ್ಕಿ ಗಿರಣಿಗೆ ಭತ್ತ ಹಾಕಿದಾಗ ಒಂದು ಚೀಟಿ ಕೊಡ್ತಾರೆ ಅಂದುಕೊಳ್ಳಿ, "ಸಂಜೆ 5ರವರೆಗೆ ಮಾತ್ರ" ಅಂತ ಬರೆದದ್ದು. ಬಾಗಿಲಲ್ಲಿರುವವನ ವಾಚ್ ಮುಂದೆ ಇದ್ದರೆ "ನಿಮ್ಮ ಚೀಟಿಯ ಸಮಯ ಮುಗಿಯಿತು" ಅಂತ ವಾಪಸ್ ಕಳಿಸ್ತಾನೆ. ಲಾಗಿನ್ ಆದಾಗ ಜಾಲತಾಣವೂ ಬ್ರೌಸರಿಗೆ ಇಂಥದ್ದೇ ಚೀಟಿ ಕೊಡುತ್ತದೆ. ಅದರ ಅವಧಿ ಮುಗಿಯಿತೇ ಅಂತ ಕೆಲವು ಜಾಲತಾಣಗಳು ನಮ್ಮ ಕಂಪ್ಯೂಟರಿನ ಗಡಿಯಾರ ನೋಡಿಯೇ ತೀರ್ಮಾನ ಮಾಡುತ್ತವೆ.

ಸರಿ ಮಾಡುವುದು ಹೀಗೆ

1. ‘ಸೆಟ್ಟಿಂಗ್ಸ್’ನಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಡೇಟ್ ಅಂಡ್ ಟೈಮ್’ ತೆರೆಯಿರಿ.
2. ಸಮಯ ವಲಯದಲ್ಲಿ ‘ಯುಟಿಸಿ +05:30 ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ’ ಆರಿಸಿ. ಗಂಟೆ ಒಮ್ಮೆಲೇ ಎಲ್ಲೋ ಹಾರಿದರೆ ಹೆದರಬೇಡಿ.
3. ಕೆಳಗಿನ ‘ಸಿಂಕ್ ನೌ’ ಒತ್ತಿ. ನೆಟ್ ಇದ್ದರೆ ಸರಿಯಾದ ಸಮಯ ತಾನಾಗಿಯೇ ಬರುತ್ತದೆ.
4. ಬ್ರೌಸರ್ ಮುಚ್ಚಿ ತೆರೆದು, ಹೊಸದಾಗಿ ಲಾಗಿನ್ ಆಗಿ.

ಪ್ರತಿ ಸಲ ಆಫ್ ಮಾಡಿ ಆನ್ ಮಾಡಿದಾಗಲೂ ತಾರೀಕು ಹಿಂದಕ್ಕೆ ಹೋಗ್ತದೆಯೇ? ಹಾಗಾದರೆ ಒಳಗಿರುವ ನಾಣ್ಯದಂಥ ಸಣ್ಣ ಸೆಲ್ ಮುಗಿದಿರಬಹುದು. ರಿಪೇರಿ ಅಂಗಡಿಯಲ್ಲಿ ಬದಲಿಸಿ ಕೊಡ್ತಾರೆ.

ಗಡಿಯಾರ ಸರಿ ಇದ್ದೂ ಲಾಗೌಟ್ ಆದರೆ

- ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಒಂದೇ ಖಾತೆ ತೆರೆದಿದ್ದರೆ ಕೆಲವು ಜಾಲತಾಣಗಳು ಒಂದನ್ನು ಹೊರಗೆ ಹಾಕುತ್ತವೆ. ಒಂದರಲ್ಲಿ ಲಾಗೌಟ್ ಮಾಡಿ.
- ಬ್ರೌಸರ್ ಮುಚ್ಚಿದಾಗ ಕುಕೀ ಅಳಿಸುವ ಸೆಟ್ಟಿಂಗ್ ಇದೆಯೇ ನೋಡಿ. ಆ ಚೀಟಿ ಸಾಮಾನ್ಯವಾಗಿ ಕುಕೀಯಲ್ಲೇ ಇರುವುದು.
- ಘಟ್ಟದ ಬುಡದ ಊರುಗಳಲ್ಲಿ ನೆಟ್ ಹೋಗಿ ಬಂದು ಮಾಡ್ತದೆ. ಫೋನನ್ನು ಸಿಗ್ನಲ್ ಸಿಗುವ ಒಂದೇ ಕಡೆ ಇಡಿ.
- ಸ್ವಲ್ಪ ಹೊತ್ತು ಸುಮ್ಮನಿದ್ದರೆ ಲಾಗೌಟ್ ಆಗುವುದು ದೋಷ ಅಲ್ಲ, ನಮ್ಮ ರಕ್ಷಣೆಗೇ ಇರುವುದು. ಪಹಣಿ, ಪಾಸ್‌ಬುಕ್, ಎಫ್‌ಐಡಿ ಸಂಖ್ಯೆ ಎಲ್ಲ ಮೊದಲೇ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡು ಕೂತುಕೊಳ್ಳಿ.

ಒಂದು ಎಚ್ಚರಿಕೆ. ಅವಸರದಲ್ಲಿ ಗುರುತಿಲ್ಲದವರಿಗೆ ಒಟಿಪಿ ಹೇಳಬೇಡಿ. "ನಾನು ಸರಿ ಮಾಡಿ ಕೊಡ್ತೇನೆ, ಈ ಆ್ಯಪ್ ಹಾಕಿ" ಅನ್ನುವವರ ಮಾತು ಕೇಳಬೇಡಿ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಆ ದಿನ ಸಂಜೆ ಆರೂವರೆಗೆ ಅರ್ಜಿ ಹೋಯಿತು. ರಸೀದಿ ತೋರಿಸಿದಾಗ ಮಾವ ಕೇಳಿದ್ದು ಒಂದೇ: "ಇಷ್ಟು ಹೊತ್ತು ಗಂಟೆ ತಪ್ಪಿದ್ದಕ್ಕಾ ಮಾರಾಯ?" ಹೌದು ಮಾವ, ಅಷ್ಟಕ್ಕೇ. ನಿಮ್ಮ ಮನೆಯ ಲ್ಯಾಪ್‌ಟಾಪಿನ ಸಮಯ ವಲಯವನ್ನು ಇವತ್ತೇ ಒಮ್ಮೆ ನೋಡಿಡಿ. ಕೊನೆ ದಿನದವರೆಗೆ ಕಾಯಬೇಡಿ.