ಮೇಷ್ಟ್ರೇ, ಅಡ್ಡಗೆರೆ ಉಳಿಸಿಕೊಳ್ಳಿ

ಹೊನ್ನಾಳಿಯ ಗಣಿತ ಮೇಷ್ಟ್ರೇ,

ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಭಿನ್ನರಾಶಿ ಒಂದು ಕಡೆ ಅಡ್ಡಗೆರೆಯಲ್ಲಿ, ಇನ್ನೊಂದು ಕಡೆ ಓರೆಗೆರೆಯಲ್ಲಿ ಬರುತ್ತಿರುವುದು ಸಿಂಪೈ ಎಂಬ ಪೈಥಾನ್ ಗಣಿತ ತಂತ್ರಾಂಶದ ದೋಷವಲ್ಲ. ಅದರ ಲೇಟೆಕ್ಸ್ ಫಂಕ್ಷನ್‌ಗೆ ಮೋಡ್ 'ಇನ್‌ಲೈನ್' ಎಂದು ಕೊಟ್ಟರೆ, ಚಿಕ್ಕ ಛೇದದ ಭಿನ್ನರಾಶಿಗಳನ್ನು ಅದು ತಾನಾಗಿಯೇ ಒಂದೇ ಸಾಲಿಗೆ ಮಡಚುತ್ತದೆ.

ಇದನ್ನು ಹಾಗೇ ಬಿಡಬೇಡಿ. ಎಕ್ಸ್ ಮತ್ತು ವೈಗಳ ಮೊತ್ತವನ್ನು 2ಎಕ್ಸ್‌ನಿಂದ ಭಾಗಿಸುವ ಲೆಕ್ಕ ತೆಗೆದುಕೊಳ್ಳಿ. ಮಡಚಿದಾಗ ಅಂಶಕ್ಕೆ ಆವರಣ ಬರುತ್ತದೆ, ಛೇದಕ್ಕೆ ಬರುವುದಿಲ್ಲ. ಓರೆಗೆರೆಯ ಬಲಕ್ಕೆ ಬರೀ 2ಎಕ್ಸ್ ನಿಲ್ಲುತ್ತದೆ. ಎಡದಿಂದ ಬಲಕ್ಕೆ ಲೆಕ್ಕ ಮಾಡುವ ಹುಡುಗಿ 2ರಿಂದ ಭಾಗಿಸಿ ಎಕ್ಸ್‌ನಿಂದ ಗುಣಿಸಿದರೆ ಅವಳ ಅಂಕ ಕಳೆಯುವುದು ಅನ್ಯಾಯ. ಅಡ್ಡಗೆರೆಯಿದ್ದರೆ ಈ ಗೊಂದಲವೇ ಇಲ್ಲ.

'ಫೋಲ್ಡ್ ಶಾರ್ಟ್ ಫ್ರ್ಯಾಕ್' ಆಯ್ಕೆಯನ್ನು 'ಫಾಲ್ಸ್' ಮಾಡಿ. ಬರೆಯುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಇರಲಿ. ಆಗ ಅಡ್ಡಗೆರೆ ಬರುತ್ತದೆ, ಆದರೆ ವಾಕ್ಯದ ನಡುವೆ ಅಂಕಿಗಳು ತೀರಾ ಸಣ್ಣಗಾಗುತ್ತವೆ. ಅದಕ್ಕೆ, ಫಂಕ್ಷನ್ ಕೊಟ್ಟ ಪಠ್ಯದಲ್ಲಿ 'ಫ್ರ್ಯಾಕ್' ಆದೇಶವನ್ನು 'ಡಿಫ್ರ್ಯಾಕ್' ಎಂದು ಬದಲಿಸಿ, ಎಎಂಎಸ್‌ಮ್ಯಾತ್ ಪ್ಯಾಕೇಜ್ ಸೇರಿಸಿ. ಕೊನೆಯ ಬೆಂಚಿನವರಿಗೂ ಓದಲು ಸಿಗುತ್ತದೆ.

ಅಂಶ ಬಹಳ ಉದ್ದವಾದರೆ 'ಲಾಂಗ್ ಫ್ರ್ಯಾಕ್ ರೇಷಿಯೊ' ನೋಡಿ. ಅದು ಭಿನ್ನರಾಶಿಯನ್ನು ಒಡೆದು, ಉಳಿದದ್ದನ್ನು ಪಕ್ಕಕ್ಕೆ ಬರೆಯುತ್ತದೆ. ಪ್ರೌಢಶಾಲೆಗೆ ಅದರ ಅಗತ್ಯ ಕಡಿಮೆ.

ಇನ್ನೊಂದು: ಪೈಥಾನ್‌ನಲ್ಲಿ 3/4 ಎಂದು ನೇರವಾಗಿ ಬರೆದರೆ 0.75 ಆಗುತ್ತದೆ. ಭಿನ್ನರಾಶಿಯಾಗಿಯೇ ಉಳಿಯಬೇಕಾದರೆ ಸಿಂಪೈನ 'ರ್‍ಯಾಷನಲ್' ಬಳಸಿ.

ನ್ಯಾಮತಿ, ಚನ್ನಗಿರಿ, ಜಗಳೂರಿನ ಸಹೋದ್ಯೋಗಿಗಳಿಗೂ ಕಡತ ಕಳಿಸುತ್ತೀರೆಂದು ಬರೆದಿದ್ದೀರಿ. ಈ ಆಯ್ಕೆಗಳನ್ನೆಲ್ಲ ಒಂದು ಪುಟ್ಟ ಫಂಕ್ಷನ್‌ನಲ್ಲಿಟ್ಟು ಕಡತದ ತಲೆಯಲ್ಲೇ ಬರೆಯಿರಿ. ಎಲ್ಲರ ಪತ್ರಿಕೆಯೂ ಒಂದೇ ರೀತಿ ಮುದ್ರಣವಾಗುತ್ತದೆ.