ಪಂಪುಸೆಟ್ಟಿನ ಕಂಟ್ರೋಲ್ ಬೋರ್ಡಿನಲ್ಲಿ ಪಿನ್ನುಗಳ ಏರ್ಪಾಡು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ನೆರೆಯ ಹೊಲಗಳಿಗೆ ಅದು ಬಂದುದು ಬಹುಕಾಲದ ಮೇಲೆ. ಈಗಲಾದರೋ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ, ವಿಶೇಷವಾಗಿ ವಿಶ್ವೇಶ್ವರಯ್ಯ ನಾಲೆಯ ನೀರು ತಡವಾಗಿ ಮುಟ್ಟುವ ಕೊನೆಯ ಭಾಗದ ಗ್ರಾಮಗಳಲ್ಲಿ, ಕಬ್ಬು, ಹಿಪ್ಪುನೇರಳೆ, ತೆಂಗು ಇವುಗಳಿಗೆ ಬಾವಿಯ ಪಂಪೇ ಆಧಾರವಾಗಿದೆ. ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆಗಳ ಕಾಲ, ಅದೂ ಅನೇಕ ವೇಳೆ ರಾತ್ರಿಯಲ್ಲಿ, ಬರತಕ್ಕದ್ದಾದ ಕಾರಣ, ಪಂಪನ್ನು ತಾನಾಗಿ ನಡೆಸುವ ಸಣ್ಣ ಬೋರ್ಡನ್ನು ಕಟ್ಟಿಸಿಕೊಳ್ಳುವುದು ಅನುಕೂಲವೇ ಸರಿ. ಆದರೆ ಅದರ ಪಿನ್ನುಗಳನ್ನು ವಿಚಾರಿಸದೆ ಕಟ್ಟಿದಲ್ಲಿ, ಬೆಳೆಗೆ ನೀರು ಬೇಕಾದ ವಾರದಲ್ಲಿಯೇ ಮೋಟಾರಿನ ವೈಂಡಿಂಗು ಸುಟ್ಟುಹೋಗುವುದು.

ಪಿನ್ನೆಂದರೆ ಬೋರ್ಡಿನ ಅಂಚಿನಲ್ಲಿ ತಂತಿಯನ್ನು ಸಿಕ್ಕಿಸುವ ಸ್ಥಾನ. ಸುದ್ದಿಯನ್ನು ತರುವುದು ಒಳಪಿನ್ನು. ಅಪ್ಪಣೆಯನ್ನು ಒಯ್ಯುವುದು ಹೊರಪಿನ್ನು. ಕೆರೆಯ ಮಟ್ಟವನ್ನು ನೋಡಿಬಂದು ಹೇಳುವುದೂ ತೂಬನ್ನೆತ್ತುವುದೂ ಒಬ್ಬನೇ ನೀರುಗಂಟಿಯ ಕೆಲಸವಾಗಿರಬಹುದು. ಬೋರ್ಡಿನಲ್ಲಾದರೆ ಯಾವ ಪಿನ್ನಿಗೆ ಯಾವ ಕೆಲಸವೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಆರ್ಡುಯಿನೋ ಊನೋ ಎಂಬ ಬೋರ್ಡಿನಲ್ಲಿ ೦ ಯಿಂದ ೧೩ ರವರೆಗೆ ಹದಿನಾಲ್ಕು ಪಿನ್ನುಗಳೂ, ಪ್ರಮಾಣವನ್ನಳೆಯುವ ಆರು ಪಿನ್ನುಗಳೂ ಉಂಟು. ಇವುಗಳಲ್ಲಿ ೦ ಮತ್ತು ೧ ಕಂಪ್ಯೂಟರಿನೊಡನೆ ವ್ಯವಹರಿಸಲು ಬೇಕಾದವು. ೧೩ನೆಯದು ಬೋರ್ಡು ಎಚ್ಚರಗೊಳ್ಳುವಾಗ ತಾನಾಗಿ ಮಿನುಗುವುದರಿಂದ ಅದಕ್ಕೆ ಮೋಟಾರಿನ ರಿಲೇಯನ್ನು ಎಂದಿಗೂ ಕಟ್ಟಲಾಗದು.

ಯಾವ ಕಡೆಗೂ ಕಟ್ಟದೆ ಬಿಟ್ಟ ಒಳಪಿನ್ನು ಗಾಳಿಗೆ ತೂಗುವ ಬಾಗಿಲಿನಂತೆ ಒಮ್ಮೆ ಹೌದೆಂದೂ ಒಮ್ಮೆ ಅಲ್ಲವೆಂದೂ ಹೇಳುವುದು. ಆದುದರಿಂದ ಪಿನ್ನನ್ನು ಒಂದು ರೋಧಕದ ಮೂಲಕ ೫ ವೋಲ್ಟಿನ ಕಡೆಗೆ ಎಳೆದಿಡತಕ್ಕದ್ದು. ಬೋರ್ಡಿನೊಳಗೇ ೨೦ರಿಂದ ೫೦ ಕಿಲೋ ಓಮಿನ ರೋಧಕವಿದ್ದರೂ, ಮೋಟಾರಿನ ಕೇಬಲ್ಲಿನ ಪಕ್ಕದಲ್ಲಿ ದೂರ ಸಾಗುವ ತಂತಿಗೆ ಅದು ಸಾಲದು. ಹೊರಗಿನಿಂದ ಇನ್ನೂ ಕಡಮೆ ಓಮಿನದನ್ನು ಹಾಕಿಸಬೇಕು. ಬಾವಿಯ ಫ್ಲೋಟ್ ಸ್ವಿಚ್ಚು ನೀರಿರುವಾಗ ಮುಚ್ಚಿಕೊಂಡು ಪಿನ್ನನ್ನು ಸೊನ್ನೆ ವೋಲ್ಟಿಗೆ ಸೇರಿಸುವಂತಿರಲಿ. ಹಾಗೆ ಮಾಡಿದಲ್ಲಿ ಇಲಿ ಕಡಿದೋ ನೇಗಿಲು ತಾಗಿಯೋ ತಂತಿ ತುಂಡಾದಾಗ ಬೋರ್ಡು ನೀರಿಲ್ಲವೆಂದು ತಿಳಿದು ಪಂಪನ್ನು ನಿಲ್ಲಿಸುವುದು. ಇದಕ್ಕೆ ವಿರುದ್ಧವಾಗಿ ಕಟ್ಟಿದರೂ ಮೊದಲ ದಿನ ಎಲ್ಲವೂ ಸರಿಯಾಗಿಯೇ ತೋರುವುದು. ತಂತಿ ಕಡಿದ ದಿನ ಬರಿದಾದ ಬಾವಿಯಲ್ಲಿ ಪಂಪು ಓಡುತ್ತಲೇ ಇರುವುದು.

ಹೊರಪಿನ್ನಿನಿಂದ ೨೦ ಮಿಲಿ ಆಂಪೇರಿಗಿಂತ ಹೆಚ್ಚು ತೆಗೆಯಬಾರದು. ಅದು ಟ್ರಾನ್ಸಿಸ್ಟರಿನ ಮೂಲಕ ಸಣ್ಣ ರಿಲೇಯನ್ನೂ, ಆ ರಿಲೇಯು ಸ್ಟಾರ್ಟರಿನ ಕಂಟ್ಯಾಕ್ಟರನ್ನೂ ಎಳೆಯಬೇಕು. ಪೇಟೆಯ ಅನೇಕ ರಿಲೇಗಳು ಪಿನ್ನು ಸೊನ್ನೆಗೆ ಇಳಿದಾಗ ಹತ್ತುವಂಥವು. ಇಂಥದರಲ್ಲಿ ಪಿನ್ನನ್ನು ಹೊರಪಿನ್ನೆಂದು ಘೋಷಿಸಿದ ಕ್ಷಣವೇ ಪಂಪು ಒಮ್ಮೆ ಜಗ್ಗುವುದು. ಮೊದಲು ಮೇಲಿನ ಮಟ್ಟವನ್ನು ಬರೆದು, ಅನಂತರ ಘೋಷಿಸಿದರೆ ಈ ದೋಷ ತಪ್ಪುವುದು. ಪಿನ್ನು ಮೇಲೇರಿದಾಗ ಮಾತ್ರ ಹತ್ತುವ ರಿಲೇಯನ್ನೇ ಆರಿಸಿ, ಪಿನ್ನನ್ನು ೧೦ ಕಿಲೋ ಓಮಿನಿಂದ ಸೊನ್ನೆಗೆ ಎಳೆದಿಡುವುದು ಇನ್ನೂ ಉತ್ತಮ.

ಮೂರು ಫೇಸುಗಳಿಗೂ ಪ್ರತ್ಯೇಕ ಒಳಪಿನ್ನು ಬೇಕು. ಆದರೂ ಓಡುತ್ತಿರುವ ಮೋಟಾರು ತಪ್ಪಿಹೋದ ಫೇಸಿನಲ್ಲಿ ತಾನೇ ವೋಲ್ಟೇಜನ್ನು ಹುಟ್ಟಿಸಿ ಬೋರ್ಡನ್ನು ವಂಚಿಸಬಲ್ಲದು. ಆದಕಾರಣ ವೋಲ್ಟೇಜಿನ ಜೊತೆಗೆ ಪ್ರತಿ ಫೇಸಿನ ಕರೆಂಟನ್ನೂ ಅಳೆಯುವ ಪಿನ್ನುಗಳಿಗೆ ತಿಳಿಸಬೇಕು. ಕೊಳವೆಬಾವಿ ಬರಿದಾದಾಗ ಕರೆಂಟು ಇಳಿಯುವುದೂ ಅಲ್ಲಿಯೇ ಕಾಣಿಸುವುದು.

ನಿಲ್ಲಿಸುವ ಗುಂಡಿಯನ್ನೂ ಓವರ್‌ಲೋಡ್ ರಿಲೇಯನ್ನೂ ಬೋರ್ಡಿನ ವಿವೇಚನೆಗೆ ಬಿಡದೆ ಕಂಟ್ಯಾಕ್ಟರಿನ ತಂತಿಯಲ್ಲಿಯೇ ಸೇರಿಸಿರತಕ್ಕದ್ದು; ಪಂಪಿನ ಬಳಿ ಕೈಯಿಟ್ಟು ಕೆಲಸಮಾಡುವ ಆಳಿನ ಪ್ರಾಣಕ್ಕೆ ಬೇರೆ ರಕ್ಷಣೆಯಿಲ್ಲ. ೪೧೫ ವೋಲ್ಟಿನ ಭಾಗವನ್ನು ಪರವಾನಗಿಯುಳ್ಳ ಕೆಲಸಗಾರನೇ ಜೋಡಿಸಬೇಕು. ಮೋಟಾರನ್ನು ಸೇರಿಸುವುದಕ್ಕೆ ಮುಂಚೆ, ರಿಲೇ ಹತ್ತಿರುವಾಗ ಒಳಪಿನ್ನಿನ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿ ಸಲವೂ ರಿಲೇ ಕಟಕ್ಕೆಂದು ಬಿಡುವುದೇ ಎಂಬುದನ್ನು ಜಮೀನುದಾರರು ತಾವೇ ನಿಂತು ಕೇಳಿ ನೋಡಬೇಕು.