ಬಚ್ಚಲೊಲೆ ಮತ್ತು ಗಾಳಿಯ ಎರಡು ದಾರಿಗಳು: ದಹನದ ಪಾಠಕ್ಕೊಂದು ಸ್ಥಳೀಯ ಸಂದರ್ಭ

ತರಗತಿ: 8
ವಿಷಯ: ವಿಜ್ಞಾನ
ಘಟಕ: ದಹನ ಮತ್ತು ಜ್ವಾಲೆ
ಅವಧಿ: 40 ನಿಮಿಷಗಳ ಎರಡು ತರಗತಿಗಳು

ಹಿನ್ನೆಲೆ

ದಹನಕ್ಕೆ ಇಂಧನ, ಗಾಳಿ ಮತ್ತು ಜ್ವಲನ ತಾಪ ಬೇಕು ಎಂಬುದನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಅಭ್ಯಾಸ ಬೋಧನೆಯ ಶಾಲೆಯಲ್ಲಿ ಪೂರ್ವಜ್ಞಾನ ಪರೀಕ್ಷೆಗೆಂದು ನಾನು ಕೇಳಿದ ಪ್ರಶ್ನೆ ಬೇರೆಯಾಗಿತ್ತು: "ಬಚ್ಚಲೊಲೆಯಲ್ಲಿ ಉರಿ ಆರಿ ಕೆಂಡ ಮಾತ್ರ ಉಳಿದಿದೆ. ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಸ್ನಾನ ಮಾಡಬಹುದೇ?" ಹೆಚ್ಚಿನ ಮಕ್ಕಳು "ಮಾಡಬಹುದು" ಎಂದರು. ಕಾರಣ ಕೇಳಿದರೆ, "ಉರಿಯೂ ಇಲ್ಲ, ಹೊಗೆಯೂ ಇಲ್ಲವಲ್ಲ ಟೀಚರ್" ಎಂಬ ಉತ್ತರ. ಈ ಉತ್ತರ ಪರೀಕ್ಷೆಯಲ್ಲಿ ಒಂದು ಅಂಕ ಕಳೆಯಬಹುದು; ಮನೆಯಲ್ಲಿ ಜೀವವನ್ನೇ ಕಳೆಯಬಹುದು.

ಮಂಗಳೂರಿನಲ್ಲಿ ಅಡುಗೆಗೆ ಗ್ಯಾಸ್ ಬಂದಿದ್ದರೂ ತೆಂಗಿನ ಮರಗಳಿರುವ ಎಷ್ಟೋ ಮನೆಗಳಲ್ಲಿ ಸ್ನಾನದ ನೀರು ಇಂದಿಗೂ ಸೌದೆ ಒಲೆಯ ಹಂಡೆಯಲ್ಲೇ ಕಾಯುತ್ತದೆ. ಒಣ ಮಡಲು, ಗೆರಟೆ, ತೆಂಗಿನ ಸಿಪ್ಪೆಗೆ ದುಡ್ಡು ಕೊಡಬೇಕಾಗಿಲ್ಲ. ಆದ್ದರಿಂದ ದಹನದ ಘಟಕವನ್ನು ಬಚ್ಚಲೊಲೆಯ ಮೂಲಕ ಕಲಿಸುವ ಪಾಠವೊಂದನ್ನು ಯೋಜಿಸಿದೆ. ತುಳು ಮಾತನಾಡುವ ಮಕ್ಕಳು ದಿಕ್ಕೆಲ್, ಪುಗೆ ಎಂದು ಹೇಳಿದರೆ ಆ ಪದಗಳನ್ನೂ ಕಪ್ಪುಹಲಗೆಯಲ್ಲಿ ಬರೆದುಕೊಂಡು, ಒಲೆ, ಹೊಗೆ ಎಂಬ ಪದಗಳೊಂದಿಗೆ ಜೋಡಿಸುವುದು ಒಳ್ಳೆಯದು.

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
1. ಒಲೆಗೆ ಗಾಳಿ ಬರುವ ದಾರಿ ಮತ್ತು ಹೊಗೆ ಹೋಗುವ ದಾರಿ ಎರಡೂ ಏಕೆ ಬೇಕೆಂದು ವಿವರಿಸುವನು/ಳು.
2. ಕೆಂಡದಿಂದ ಬರುವ ಕಾಣದ ಅಪಾಯವನ್ನು ಗುರುತಿಸುವನು/ಳು.
3. ಹಸಿ ಸೌದೆಯಿಂದಾಗುವ ಉಷ್ಣನಷ್ಟವನ್ನು ಲೆಕ್ಕ ಹಾಕುವನು/ಳು.
4. ತನ್ನ ಮನೆಯ ಒಲೆಯ ಸುರಕ್ಷತೆಯನ್ನು ಪರಿಶೀಲಿಸುವನು/ಳು.

ಚಟುವಟಿಕೆ 1: ಚಿಮಣಿಯೊಳಗಿನ ಮೇಣದಬತ್ತಿ

ಇದು ಪಠ್ಯಪುಸ್ತಕದಲ್ಲೇ ಇರುವ ಚಟುವಟಿಕೆ. ಉರಿಯುವ ಮೇಣದಬತ್ತಿಯ ಸುತ್ತ ಗಾಜಿನ ಚಿಮಣಿಯನ್ನು ಎರಡು ಮರದ ತುಂಡುಗಳ ಮೇಲೆ ಇಡಬೇಕು. ಕೆಳಗಿನಿಂದ ಗಾಳಿ ಬರುವುದರಿಂದ ಜ್ವಾಲೆ ಚೆನ್ನಾಗಿ ಉರಿಯುತ್ತದೆ. ಮರದ ತುಂಡುಗಳನ್ನು ತೆಗೆದು ಚಿಮಣಿಯನ್ನು ಮೇಜಿಗೆ ತಾಗಿಸಿದರೆ ಜ್ವಾಲೆ ಅಲ್ಲಾಡಿ ಹೊಗೆ ಬಿಡುತ್ತದೆ. ಮೇಲ್ಬಾಯಿಯನ್ನೂ ಗಾಜಿನ ಫಲಕದಿಂದ ಮುಚ್ಚಿದರೆ ಆರುತ್ತದೆ.

ಸಾಮಾನ್ಯವಾಗಿ "ದಹನಕ್ಕೆ ಗಾಳಿ ಬೇಕು" ಎಂದು ಬರೆಸಿ ನಾವು ಮುಂದೆ ಹೋಗುತ್ತೇವೆ. ಇಲ್ಲಿ ಎರಡನೇ ಹಂತದಲ್ಲಿ ಸ್ವಲ್ಪ ನಿಲ್ಲಬೇಕು. "ಈ ಚಿಮಣಿಯೇ ನಮ್ಮ ಬಚ್ಚಲು ಎಂದುಕೊಳ್ಳಿ. ಬತ್ತಿ ಆರಿಲ್ಲ, ಆದರೆ ಸರಿಯಾಗಿ ಉರಿಯುತ್ತಲೂ ಇಲ್ಲ. ಆಗ ಏನು ಉತ್ಪತ್ತಿಯಾಗುತ್ತದೆ?" ಎಂದು ಕೇಳಿ. ಅಪೂರ್ಣ ದಹನದ ಪರಿಕಲ್ಪನೆ ಇಲ್ಲಿಂದ ಸಹಜವಾಗಿ ಬರುತ್ತದೆ.

ವಿವರಣೆ: ಕಾಣದ ಅಪಾಯ

ಗಾಳಿ ಸಾಕಷ್ಟು ಸಿಕ್ಕಿದರೆ ಸೌದೆಯ ಕಾರ್ಬನ್ ಪೂರ್ಣವಾಗಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವ ಗುಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕ ಸಾಲದಾಗುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಂತರ ಪ್ರಜ್ಞೆ ತಪ್ಪಬಹುದು. ಹೊಗೆಯಾದರೆ ಕೆಮ್ಮು ಬಂದು ಎಚ್ಚರಿಸುತ್ತದೆ, ಕೆಂಡ ಎಚ್ಚರಿಸುವುದಿಲ್ಲ. ಪೂರ್ವಪರೀಕ್ಷೆಯ ಉತ್ತರವನ್ನು ತಿದ್ದಬೇಕಾದ್ದು ಈ ಹಂತದಲ್ಲಿ.

ಕರಾವಳಿಯ ಹಳೆಯ ಮನೆಗಳಲ್ಲಿ ಹಲವು ಕಡೆ ಹಂಡೆ ಬಚ್ಚಲಿನ ಒಳಗಿದ್ದರೂ ಒಲೆಯ ಬಾಯಿ ಗೋಡೆಯ ಹೊರಗಿರುತ್ತದೆ. ಉರಿ ಹಾಕುವುದು ಹೊರಗಿನಿಂದ, ನೀರು ತೆಗೆಯುವುದು ಒಳಗಿನಿಂದ. ಇದು ಏಕೆ ಜಾಣತನದ ವ್ಯವಸ್ಥೆ ಎಂದು ಮಕ್ಕಳಿಂದಲೇ ಹೇಳಿಸಬಹುದು. ಒಲೆಯ ಬಾಯಿ ಒಳಗೇ ಇದ್ದರೆ ಹೊಗೆ ಕೊಳವೆಯೂ ಸದಾ ತೆರೆದ ಗವಾಕ್ಷಿಯೂ ಇರಲೇಬೇಕು. ಸ್ನಾನಕ್ಕೆ ಮೊದಲು ಕೆಂಡವನ್ನು ಹೊರಗೆ ತೆಗೆದು ಪೂರ್ತಿ ಆರಿಸಬೇಕು.

ವಿಸ್ತರಣೆ: ಒಲೆ ಕಟ್ಟುವಾಗ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಹಳ್ಳಿಗಳಿಗಾಗಿ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆಯ ಕೆಳಗಿನಿಂದ ಗಾಳಿ ಬರಲು ಜಾಲರಿ, ಪಾತ್ರೆಗೆ ತಾಗುವಂತೆ ಸಾಗುವ ಬಿಸಿಗಾಳಿ, ಹೊಗೆ ಹೊರಹೋಗಲು ಕೊಳವೆ ಇವು ಅದರ ಮುಖ್ಯ ಅಂಶಗಳು. ಮೇಣದಬತ್ತಿಯ ಚಟುವಟಿಕೆಯಲ್ಲಿ ಕಂಡ ಎರಡು ದಾರಿಗಳನ್ನೇ ಇಲ್ಲಿಯೂ ಗುರುತಿಸಿಸಬಹುದು.

ಕೊಳವೆ ಹೊಗೆಯನ್ನು ಎಳೆಯುವುದು ಹೇಗೆ? 27 ಡಿಗ್ರಿ ಸೆಲ್ಸಿಯಸ್‌ನ ಗಾಳಿ 177 ಡಿಗ್ರಿಗೆ ಬಿಸಿಯಾದರೆ ಅದರ ಗಾತ್ರ ಒಂದೂವರೆ ಪಟ್ಟಾಗುತ್ತದೆ. ಹಗುರವಾದ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಒಲೆಯ ಬಾಯಿಯಿಂದ ಹೊಸ ಗಾಳಿ ನುಗ್ಗುತ್ತದೆ. ಈ ತತ್ತ್ವದಿಂದಲೇ ಕೆಳಗಿನ ಸೂಚನೆಗಳು ಹುಟ್ಟುತ್ತವೆ:

• ಕೊಳವೆ ಆದಷ್ಟು ನೇರವಾಗಿರಲಿ. ತಿರುವು ಹೆಚ್ಚಿದಷ್ಟೂ ಸೆಳೆತ ಕಡಿಮೆ, ಮಸಿ ಜಾಸ್ತಿ.
• ಕೊಳವೆಯ ತುದಿ ಮಾಡಿಗಿಂತ ಮೇಲಿರಲಿ. ಮಳೆನೀರು ಇಳಿಯದಂತೆ ತೊಪ್ಪಿ ಇರಲಿ, ಆದರೆ ಅದು ಹೊಗೆಯ ಬಾಯಿಯನ್ನು ಮುಚ್ಚದಿರಲಿ.
• ಹಂಚಿನ ಮಾಡಿನ ಪಕ್ಕಾಸು, ರೀಪುಗಳು ಮರದವು. ಬರಿಯ ಲೋಹದ ಕೊಳವೆಗೂ ಮರಕ್ಕೂ ಒಂದೂವರೆ ಅಡಿ, ಅಂದರೆ ಸುಮಾರು 45 ಸೆಂ.ಮೀ. ಅಂತರವಿರಲಿ. ಪಿವಿಸಿ ಪೈಪು ಬಳಸಲೇಬಾರದು.
• ಒಲೆಯ ಮುಂದಿನ ನೆಲ ಕಲ್ಲು ಅಥವಾ ಸಿಮೆಂಟಿನದ್ದಾಗಿರಲಿ. ಸೌದೆಯ ರಾಶಿ, ಸೀಮೆಎಣ್ಣೆ, ಒಣಹಾಕಿದ ಬಟ್ಟೆ ದೂರವಿರಲಿ.
• ಹಂಡೆಯ ಮುಚ್ಚಳ ಸಡಿಲವಾಗಿರಲಿ. ಮುಚ್ಚಿದ ಬಾಯ್ಲರ್ ಆದರೆ ಅದರ ಆವಿಕೊಳವೆಯನ್ನು ಎಂದೂ ಬಂದ್ ಮಾಡಬಾರದು.

ಚಟುವಟಿಕೆ 2: ಹಸಿ ಸೌದೆಯ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನಲ್ಲಿ ಒಣ ಸೌದೆಯೇ ಕಷ್ಟ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಬೇಕಾದ ಉಷ್ಣ 20 × 4.2 × 20 = 1680 ಕಿಲೋಜೌಲ್. ಈಗ ತಾನೇ ಕಡಿದ ಸೌದೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ಸೌದೆಯಲ್ಲಿರುವ ಅರ್ಧ ಕಿಲೋ ನೀರನ್ನು 100 ಡಿಗ್ರಿಗೆ ತರಲು ಸುಮಾರು 158, ಆವಿಯಾಗಿಸಲು 1130, ಒಟ್ಟು ಸುಮಾರು 1290 ಕಿಲೋಜೌಲ್ ಬೇಕು. ಒಂದು ಸ್ನಾನದ ನೀರಿಗೆ ಬೇಕಾದ ಉಷ್ಣದ ಮುಕ್ಕಾಲು ಪಾಲು ಹೀಗೆ ಹೊಗೆಯ ಜೊತೆ ಹೋಗುತ್ತದೆ. ಉರಿಯ ತಾಪ ಇಳಿಯುವುದರಿಂದ ಹೊಗೆಯೂ ಮಸಿಯೂ ಹೆಚ್ಚುತ್ತವೆ. ಆ ಮಸಿ ಕೊಳವೆಯೊಳಗೆ ಕಟ್ಟಿಕೊಂಡು ಒಂದು ದಿನ ಅದಕ್ಕೇ ಬೆಂಕಿ ಹಿಡಿಯಬಹುದು. ಬೇಸಿಗೆಯಲ್ಲೇ ಸೌದೆ ಸೀಳಿ ಒಣಗಿಸಿ ದಾಸ್ತಾನು ಮಾಡುವ ಹಿರಿಯರ ರೂಢಿಗೆ ಈ ಲೆಕ್ಕವೇ ವಿವರಣೆ. ಮಳೆಗಾಲಕ್ಕೆ ಮೊದಲು ಕೊಳವೆಯನ್ನೂ ಸ್ವಚ್ಛಗೊಳಿಸಬೇಕು.

ಬಳಸುವಾಗ

ಉರಿ ಹತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಸುರಿಯಬಾರದು. ಒಣ ಮಡಲಿನ ಗರಿ ಸಾಕು. ಪ್ಲಾಸ್ಟಿಕ್, ಹಾಲಿನ ತೊಟ್ಟೆ ಒಲೆಗೆ ಹಾಕಬಾರದು. ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಬೇಕು. ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತವೆ. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವ ಮೊದಲು ಲೋಹದ ಪಾತ್ರೆಯಲ್ಲಿ ಹೊರಗಿಟ್ಟು ಪೂರ್ತಿ ತಣಿಸಬೇಕು, ಒಳಗೆ ಕೆಂಡ ಉಳಿದಿರಬಹುದು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಟೂತ್‌ಪೇಸ್ಟ್, ಶಾಯಿ ಹಚ್ಚಬಾರದು. ಯಾರಾದರೂ ಬಚ್ಚಲಲ್ಲಿ ಕುಸಿದಿದ್ದರೆ ಬಾಗಿಲು ಕಿಟಕಿ ತೆರೆದು, ಅವರನ್ನು ಬೇಗ ಹೊರಗಾಳಿಗೆ ತಂದು 108ಕ್ಕೆ ಕರೆ ಮಾಡಬೇಕು.

ಮೌಲ್ಯಮಾಪನ

1. ಒಲೆಯ ಬಾಯಿಗೆ ಸೌದೆ ತುರುಕಿದಾಗ ಹೊಗೆ ಹೆಚ್ಚುವುದೇಕೆ?
2. ಹೊಗೆಯಿಲ್ಲದ ಕೆಂಡವೂ ಮುಚ್ಚಿದ ಕೋಣೆಯಲ್ಲಿ ಅಪಾಯಕಾರಿ ಏಕೆ?
3. ನಿಮ್ಮ ಅಥವಾ ನೆರೆಮನೆಯ ಬಚ್ಚಲೊಲೆಯ ಚಿತ್ರ ಬರೆದು, ಗಾಳಿ ಬರುವ ದಾರಿಯನ್ನು ನೀಲಿ ಬಾಣದಿಂದ, ಹೊಗೆ ಹೋಗುವ ದಾರಿಯನ್ನು ಕಪ್ಪು ಬಾಣದಿಂದ ತೋರಿಸಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮೂರನೇ ಪ್ರಶ್ನೆಯನ್ನು ಮನೆಗೆಲಸವಾಗಿ ಕೊಡಿ, ಚಿತ್ರಗಳನ್ನು ತರಗತಿಯಲ್ಲಿ ಎಲ್ಲರೆದುರು ಹೋಲಿಸಬೇಡಿ. ಸೌದೆ ಒಲೆ ಇರುವ ಮನೆಯ ಮಗುವಿಗೆ ಅದು ಬಡತನದ ಗುರುತಾಗಿ ತೋರಬಾರದು. ಕಪ್ಪು ಬಾಣ ಬಚ್ಚಲೊಳಗೇ ಸುತ್ತಿ ನಿಂತ ಚಿತ್ರ ಸಿಕ್ಕಿದರೆ ಆ ಮಗುವಿನೊಂದಿಗೆ ಪ್ರತ್ಯೇಕವಾಗಿ ಮಾತನಾಡಿ, ತರಗತಿ ಶಿಕ್ಷಕರಿಗೆ ತಿಳಿಸಿ, ಪೋಷಕರ ಸಭೆಯಲ್ಲಿ ಮನೆಯವರ ಗಮನಕ್ಕೆ ತನ್ನಿ. ಗವಾಕ್ಷಿಗೆ ಅಡ್ಡವಿಟ್ಟ ಗೋಣಿಚೀಲವನ್ನು ತೆಗೆಯಲು ಖರ್ಚೇನೂ ಇಲ್ಲ.